ಹೊರಗೋಡೆ ತಣ್ಣಗಿರುವ ಕೋಲ್ಡ್ ರೂಮು

ಹೊಟ್ಟೆಕಿಚ್ಚು ದೂರದವರನ್ನು ಕಂಡು ಹುಟ್ಟುವಂಥದ್ದಲ್ಲ. ದೇಶದ ದೊಡ್ಡ ಸಾಹುಕಾರರ ಮೇಲೆ ನನಗೆ ಎಳ್ಳಷ್ಟೂ ಅಸೂಯೆ ಇಲ್ಲ. ಆದರೆ ನನ್ನ ಷಡ್ಡಕ ಪುಟ್ಟಸ್ವಾಮಿ ಹೊಸ ಚಪ್ಪಲಿ ಮೆಟ್ಟಿದರೂ ನನ್ನ ಕಾಲು ಉರಿಯುತ್ತದೆ. ನನ್ನ ಹೆಂಡತಿಯ ತಂಗಿಯ ಗಂಡನಾದ ಈತ ಕನಕಪುರದಲ್ಲಿ ಬೆಣ್ಣೆ, ಮೊಸರಿನ ವ್ಯಾಪಾರ ಮಾಡುತ್ತಾನೆ. ರಾಮನಗರದಲ್ಲಿ ನನ್ನದೂ ಅದೇ ಕಸುಬು. ಕೈಲಾಂಚದ ಕಡೆಯಿಂದ ಹಾಲು ತರಿಸಿ, ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳಿಗೆ ಬೆಣ್ಣೆ ಕೊಡುತ್ತೇನೆ. ಬೆಣ್ಣೆ ಕೆಡದಂತೆ ತಣ್ಣಗಿಡುವ ಕೋಲ್ಡ್ ರೂಮು ಕೊಳ್ಳಲು ಇಬ್ಬರೂ ಒಟ್ಟಿಗೇ ಹೊರಟೆವು. ಅಲ್ಲೇ ಎಡವಟ್ಟಾಯಿತು.

ಅಂಗಡಿಯಲ್ಲಿ ಎರಡು ಕೋಲ್ಡ್ ರೂಮುಗಳನ್ನು ಓಡಿಸಿ ತೋರಿಸಿದರು. ಪುಟ್ಟಸ್ವಾಮಿ, “ಹತ್ತು ವರ್ಸ ಓಡಿಸಿದ್ರೆ ಕರೆಂಟ್ ಎಷ್ಟ್ ತಿಂತದೆ, ರಿಪೇರಿ ಎಷ್ಟ್ ಬತ್ತದೆ?” ಎಂದು ಹೆಣ್ಣು ನೋಡಲು ಬಂದ ಸೋದರಮಾವನ ಹಾಗೆ ವಿಚಾರಿಸುತ್ತಾ ಕೂತ. ನಾನು ಅಷ್ಟೆಲ್ಲ ತಲೆ ಕೆಡಿಸಿಕೊಳ್ಳುವವನಲ್ಲ. ನಮ್ಮ ಮನೆಯಲ್ಲಿ ನೀರಿನ ಮಡಕೆ ಚೆನ್ನಾಗಿದೆಯೇ ಎಂದು ನೋಡುವುದು ಅದರ ಹೊರಮೈ ಮುಟ್ಟಿ. ಹಾಗೆಯೇ ಎರಡು ಗೋಡೆಗಳನ್ನೂ ಮುಟ್ಟಿದೆ. ದುಬಾರಿಯದು ಬೆಚ್ಚಗಿತ್ತು, ಅಗ್ಗದ್ದು ಹಿತವಾಗಿ ತಣ್ಣಗಿತ್ತು. ಹೊರಗೇ ಇಷ್ಟು ತಂಪಿದ್ದರೆ ಒಳಗೆ ಇನ್ನೆಷ್ಟಿರಬೇಡ ಎಂದು ಅಗ್ಗದ್ದನ್ನೇ ತಂದು ಬೀದಿಯ ಕಡೆಗೆ ಕಾಣುವಂತೆ ಕೂರಿಸಿದೆ. ದುಬಾರಿಯದನ್ನು ಕೊಂಡ ಪುಟ್ಟಸ್ವಾಮಿಯನ್ನು ನೆನೆದು ಒಳಗೊಳಗೇ ನಕ್ಕೆ.

ಮೊದಲ ಕರೆಂಟ್ ಬಿಲ್ಲಿಗೆ ನಗು ನಿಂತಿತು. ರಿಪೇರಿಯವನು ಬಂದು ನೋಡಿ ಹೇಳಿದ: ಒಳಗಿನ ತಂಪೆಲ್ಲ ಗೋಡೆ ದಾಟಿ ಬೀದಿಗೆ ಸೋರುತ್ತಿತ್ತಂತೆ, ಅದನ್ನು ತುಂಬಿಕೊಡಲು ಮಷಿನ್ನು ಪುರುಸೊತ್ತಿಲ್ಲದೆ ಓಡುತ್ತಿತ್ತಂತೆ. ಎದುರುಮನೆಯ ಅಜ್ಜಿ ದಿನಾ ಮಧ್ಯಾಹ್ನ ನನ್ನ ಗೋಡೆಗೊರಗಿ ಎಲೆಯಡಿಕೆ ಹಾಕಿಕೊಳ್ಳತೊಡಗಿತು. ಬೇಸಿಗೆಯಲ್ಲಿ ಒಂದು ದಿನ ಕರೆಂಟು ಹೋಗಿ ಬೆಣ್ಣೆ ಮೆತ್ತಗಾಗುತ್ತಾ ಬಂದಾಗ ಪುಟ್ಟಸ್ವಾಮಿಗೇ ಫೋನು ಮಾಡಬೇಕಾಯಿತು. “ಕರೆಂಟಿಲ್ದಿದ್ರೂ ನಮ್ದು ಸಂಜೆಗಂಟ ತಣ್ಣಗೇ ಇರ್ತದೆ. ಜಾಗ ಐತೆ, ತಂದಿಟ್ಬುಡಣ್ಣ” ಎಂದ. ಒಂದು ಕೊಂಕು ಮಾತಾಡಿದ್ದರೂ ಜಗಳವಾಡಬಹುದಿತ್ತು. ಆಡಲಿಲ್ಲ. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

“ಇದ್ನ ಮಾರ್ಬುಟ್ಟು ತಂಗಿ ಮನೇಲಿರೋ ಅಂಥದ್ದೇ ತನ್ನಿ. ಇಲ್ದಿದ್ರೆ ನಾವು ಬೆಣ್ಣೆ ಕಡೆಯೋದೆಲ್ಲ ಕರೆಂಟ್‌ನೋರಿಗೇ ಆಯ್ತದೆ” ಎಂದಳು ಹೆಂಡತಿ ಜಯಮ್ಮ. ವ್ಯಾಪಾರವೇ ಮುಳುಗುವಂತಿತ್ತು, ಒಪ್ಪಿದೆ. ಹಳೆಯದನ್ನು ಕೊಳ್ಳುವವರೊಬ್ಬರು ಭಾನುವಾರ ಬರುತ್ತೇನೆಂದರು.

ಶನಿವಾರ ಪುಟ್ಟಸ್ವಾಮಿ ಊಟಕ್ಕೆ ಬಂದ. ಮುದ್ದೆ, ಬಸ್ಸಾರು ಉಂಡು, ಅಂಗಿ ಕಳಚಿ, ನನ್ನ ಕೋಲ್ಡ್ ರೂಮಿನ ಗೋಡೆಗೆ ಬೆನ್ನು ಕೊಟ್ಟು ಕೂತವನ ಕಣ್ಣು ಹಾಗೇ ಮುಚ್ಚಿಕೊಂಡಿತು.

“ಏನೇ ಹೇಳಣ್ಣ, ಈ ಸುಖ ನಮ್ದ್ರಲ್ಲಿಲ್ಲ. ಒರಗಿದ್ರೆ ಬೆನ್ನು ಬೆವರ್ತದೆ. ನಿನ್ನ ಕಂಡ್ರೆ ಹೊಟ್ಟೆ ಉರೀತದೆ ಕಣಣ್ಣ” ಎಂದವನೇ ಗೊರಕೆ ಹೊಡೆದ.

ಪುಟ್ಟಸ್ವಾಮಿಗೆ, ನನ್ನನ್ನು ಕಂಡು, ಹೊಟ್ಟೆಯುರಿ. ಮದುವೆಯಾದಾಗಿನಿಂದ ಕೇಳಬೇಕೆಂದಿದ್ದ ಮಾತು ಅದು. ಅವನಿಗೆ ಎಚ್ಚರವಾಗದಿರಲೆಂದು ಬೀಸಣಿಗೆ ಹಿಡಿದು ನೊಣ ಓಡಿಸುತ್ತಾ ಪಕ್ಕದಲ್ಲೇ ಕೂತಿದ್ದೆ.

ಭಾನುವಾರ ಬಂದವರಿಗೆ ಮಜ್ಜಿಗೆ ಕೊಟ್ಟು, ಮಾರುವುದಿಲ್ಲವೆಂದು ಕಳಿಸಿದೆ. ಜಯಮ್ಮ ಮಾತು ಬಿಟ್ಟಿದ್ದಾಳೆ. ಈ ತಿಂಗಳ ಬಿಲ್ಲನ್ನು ಗೋಡೆಗೊರಗಿಕೊಂಡೇ ಓದಿದೆ. ನನ್ನ ಮುಖ ನೋಡಿ, ಎದುರುಮನೆಯ ಅಜ್ಜಿ ಒಸಿ ಸರಿದು ಜಾಗ ಕೊಟ್ಟಿತು.