ಅಡ್ಡಗೋಡೆಯ ಸಂದು

ಪ್ಯಾಂಟು ಹಾಕಿಕೊಳ್ಳುವಾಗ ಆಯ ತಪ್ಪಿದ ಕೋದಂಡಪ್ಪ ಅಡ್ಡಗೋಡೆಗೆ ಒರಗಿದ. ‘ಚರ್’ ಎಂದಿತು. ಎರಡು ಜಿಪ್ಸಂ ಹಲಗೆಗಳ ನಡುವೆ ಮೆತ್ತಿದ್ದ ಗಾರೆ ಕಿತ್ತುಬಂದು, ಸಂದಿನಲ್ಲಿ ಅಡುಗೆಮನೆಯಲ್ಲಿದ್ದ ಹೆಂಡತಿ ಮುನಿರತ್ನಮ್ಮನ ಒಂದು ಕಣ್ಣು ಕಾಣಿಸಿತು. ಉರಿಗಾಮಿನಲ್ಲಿ ವಾರದಿಂದ ಬಿಡದ ಸೋನೆ, ಗೋಡೆಯೆಲ್ಲ ನೆಂದಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಮಂಗಮ್ಮ ಒಳಬಂದಳು. “ಗಂಗರತ್ನಮ್ಮ ಮಧ್ಯಾನದ ರೈಲಿಗೆ ಬಂಗಾರಪೇಟೆಯಿಂದ ಬತ್ತಾವ್ರಂತೆ, ಮನೆ ನೋಡಾಕೆ!”

ಗಂಗರತ್ನಮ್ಮ ಮನೆಯ ಒಡತಿ. ಗೋಡೆಗೆ ಮೊಳೆ ಹೊಡೆದರೆಂದು ಹಿಂದಿನ ಬಾಡಿಗೆಯವರ ಪಾತ್ರೆಪಗಡ ಬೀದಿಗೆ ಹಾಕಿಸಿದ್ದವಳು. ಕೋದಂಡಪ್ಪ ಅಂಗೈಯಿಂದ ಸಂದು ಮುಚ್ಚಿ ನಿಂತ.

“ಅಂಗಡೀಲಿ ಡಬ್ಬದಾಗೆ ಕಲಸಿದ ಗಾರೇನೇ ಸಿಕ್ತದೆ, ತಂದು ಮೆತ್ತು” ಎಂದ, ಗದ್ದಲ ಕೇಳಿ ಬಂದ ಎದುರುಮನೆಯ ರಾಮಚಂದ್ರಪ್ಪ.

ಕೋದಂಡಪ್ಪ ಓಡಿಹೋಗಿ ಡಬ್ಬ ತಂದು ಮೆತ್ತಿದ. ಅದು ಒಣಗಲೊಲ್ಲದೆ ಅಂಬಲಿಯಂತೆ ಕೆಳಗಿಳಿಯಿತು. ಮಂಗಮ್ಮ ಕೆಂಡ ತುಂಬಿದ ಒಲೆ ತಂದು ಗೋಡೆಯ ಬುಡಕ್ಕಿಟ್ಟಳು. ಬಾಗಿಲ ಪರದೆಗೆ ಕಿಡಿ ಹತ್ತಿತು. ರಾಮಚಂದ್ರಪ್ಪ ಬಿಂದಿಗೆ ನೀರೆತ್ತಿ ಎರಚಿದ. ಮುಕ್ಕಾಲು ಪಾಲು ಗೋಡೆಗೇ ಬಿತ್ತು.

“ಇವತ್ತು ನಮ್ದೂ ಪಾತ್ರೆ ಬೀದಿಗೇ!” ಎಂದು ಮುನಿರತ್ನಮ್ಮ ಅಳತೊಡಗಿದಳು.

ಕೋದಂಡಪ್ಪ ಮತ್ತೆ ಅಂಗಡಿಗೆ ಓಡಿದ.

“ಈ ತಂಡೀಲಿ ಅದೆಲ್ಲಿ ಒಣಗ್ತದೆ ಸ್ವಾಮಿ? ಪುಡಿ ತಕಂಡೋಗಿ. ನೀರಾಕಿ ಕಲಸಿದ್ರೆ ತಾನೇ ಗಟ್ಟಿಯಾಯ್ತದೆ” ಎಂದ ಅಂಗಡಿಯವ.

“ಮೊದ್ಲೇ ಯೋಳಬಾರ್ದಾ?”

“ನೀವು ಡಬ್ಬ ಅಂದ್ರಿ, ಡಬ್ಬ ಕೊಟ್ಟೆ.”

ಗಟ್ಟಿಯಾಗುವುದೇನೋ ನಿಜ. ಮೊದಲ ಸಲ ಕಲಸಿದ್ದು ಬೋಗುಣಿಯಲ್ಲೇ ಕಲ್ಲಾಗಿ, ಅದರಲ್ಲಿ ಸಿಕ್ಕಿಕೊಂಡ ಕೋದಂಡಪ್ಪನ ಬೆರಳು ಬಿಡಿಸಲು ಮಂಗಮ್ಮ ಲಟ್ಟಣಿಗೆಯಲ್ಲಿ ಕುಟ್ಟಬೇಕಾಯಿತು. ಹಸಿಯದನ್ನೆಲ್ಲ ಕೆರೆದು, ಗೋಡೆ ಒರೆಸಿ, ಎರಡನೆಯ ಸಲ ಕಲಸಿದ್ದನ್ನು ಸಂದಿಗೆ ತುಂಬಿ, ಕಾಗದದ ಪಟ್ಟಿ ಅಂಟಿಸಿ, ಮೇಲೆ ನುಣ್ಣಗೆ ಸವರಿದ. ಅದು ಬಿಗಿಯುವುದಕ್ಕೂ ರೈಲು ಕೂಗುವುದಕ್ಕೂ ಸರಿಹೋಯಿತು.

ಗಂಗರತ್ನಮ್ಮ ಬಂದಳು. ಜೊತೆಯಲ್ಲೊಬ್ಬ ಯುವಕ. ಅವಳು ಗೋಡೆ ಸವರಿದಳು, ಬೆರಳಿನಿಂದ ತಟ್ಟಿದಳು, ಕಿವಿಯಿಟ್ಟು ಕೇಳಿದಳು. ಕೋದಂಡಪ್ಪ ಉಸಿರು ಬಿಗಿಹಿಡಿದು ಮುನೇಶ್ವರನಿಗೆ ಹರಕೆ ಹೊತ್ತ.

“ಎಂಗದೆ ನೋಡಿ!” ಯುವಕನತ್ತ ತಿರುಗಿದ ಗಂಗರತ್ನಮ್ಮನ ಮುಖ ಅರಳಿತು. “ಒಂದು ಬಿರುಕಿಲ್ಲ!”

ಕೋದಂಡಪ್ಪ ಉಸಿರು ಬಿಟ್ಟ.

“ಇವ್ರು ನಮ್ಮ ಒಸ ಅಳಿಯಂದ್ರು. ಮಳೆಗಾಲದಾಗೆ ಆ ಮನೆ ಗೋಡೆ ನಿಲ್ಲಾಕಿಲ್ಲ, ನಾ ಅಲ್ಲಿ ಇರಾಕೆ ಬರಾಕಿಲ್ಲ ಅಂತಿದ್ರು. ಈಗ ಕಣ್ಣಾರೆ ನೋಡುದ್ರಲ್ಲ, ಒಪ್ಪವ್ರೆ. ಬರೋ ತಿಂಗ್ಳು ಮನೆ ಖಾಲಿ ಮಾಡ್ಬುಡಪ್ಪಾ.”

ಅಳಿಯ ಅಡುಗೆಮನೆಗೆ ಇಣುಕಿ, ಗೋಡೆಯ ಆ ಬದಿಯಲ್ಲಿ ಹಾಗೇ ಉಳಿದಿದ್ದ ಸಂದು ಕಂಡು, ಅತ್ತೆಯ ಕಿವಿಯಲ್ಲಿ ಏನೋ ಉಸುರಿದ.

“ಅದೂ ಸರಿಯೇ” ಎಂದಳು ಗಂಗರತ್ನಮ್ಮ. “ಓಗಾಕ್ ಮುಂಚೆ ಆ ಕಡೆ ಗೋಡೇಗೂ ಇದ್ನೇ ಮೆತ್ತಿ ಓಗು.”