ಕೇಬಲ್ ಹೋಯಿತು, ಕುಂಕುಮ ಎಲ್ಲಿಗೆ?

ನಾನು ನಗುವವನಲ್ಲ. ಆದರೂ ನಗೆಯ ಪ್ರಸಂಗಗಳು ನನ್ನ ವಿಳಾಸ ಕೇಳಿಕೊಂಡೇ ಬರುತ್ತವೆ. ಸೂಲೂರಿನಿಂದ ಬಸ್ಸಿನಲ್ಲಿ ತಿರುಪ್ಪೂರಿಗೆ ಹೋಗಿ ಹಳೆಯ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ಇಲ್ಲಿ ಹೇಳುವ ಮೂರೂ ನಡೆದದ್ದು ಒಂದೇ ಬನಿಯನ್ ಕಂಪನಿಯಲ್ಲಿ. ಊರು ತಮಿಳರದಾದರೂ ಮನೆಯಲ್ಲಿ ಕನ್ನಡ ಆಡುವ ಜನ. ಮಗ ಓನರ್. ಎಂಬತ್ತು ದಾಟಿದ ಅವ್ವ ಅವನಿಗೂ ಓನರ್.

ಬೀರುವಿನ ಕೀಲಿ

ಆಗ ನಾನು ಹಾಕುತ್ತಿದ್ದ ಉಚಿತ ಆಪರೇಟಿಂಗ್ ಸಿಸ್ಟಂನಲ್ಲಿ ವೈಫೈ ನಡೆಸುವ ಡ್ರೈವರ್ ಎಂಬ ತಂತ್ರಾಂಶ ಇರುತ್ತಿರಲಿಲ್ಲ.

"ಅದು ಎಲ್ಲಿ ಸಿಗುತ್ತೆ ಮಾಮ?" ಎಂದ ಮಗ.

"ಇಂಟರ್ನೆಟ್ಟಲ್ಲಿ."

"ಇಂಟರ್ನೆಟ್ ಯಾವಾಗ ಬರುತ್ತೆ?"

"ವೈಫೈ ಬಂದರೆ."

"ವೈಫೈ?"

"ಡ್ರೈವರ್ ಹಾಕಿದರೆ."

"ಕೀಲಿಯನ್ನ ಒಳಗಿಟ್ಟು ಬೀರು ಮುಚ್ಚಿದ ಪುಣ್ಯಾತ್ಮ ಯಾರು ಮಾಮ?"

ವೈಫೈ ಇಲ್ಲದೆಯೂ ಇಂಟರ್ನೆಟ್ ತರುವ ಕೇಬಲ್ ಮೂವತ್ತು ಮೀಟರ್ ತರಲು ಹೇಳಿದೆ.

ಅಂಗಳದ ಕೇಬಲ್

ವೈಫೈ ಡಬ್ಬಿ ಹಿಂದಿನ ಮನೆಯಲ್ಲಿ, ಕಂಪ್ಯೂಟರ್ ಮುಂದಿನ ಆಫೀಸಿನಲ್ಲಿ. ಕೇಬಲನ್ನು ಅಂಗಳದ ಮೇಲೆ ಎತ್ತರದಲ್ಲಿ ಎಳೆದೆ. ಅದರಲ್ಲೇ ಇಂಟರ್ನೆಟ್ ಬಂತು, ಡ್ರೈವರಿನ ಮಾತು ಅಲ್ಲಿಗೇ ನಿಂತಿತು. ತಿಂಗಳ ನಂತರ ಹೋದರೆ ಅದರ ಮೇಲೆ ಆರು ಟವೆಲ್, ಎರಡು ಲುಂಗಿ, ಒಂದು ಸೀರೆ.

"ಅವ್ವ, ಇದರಲ್ಲಿ ಮೇಲ್ ಬರುತ್ತೆ."

ನನಗೆ ಎಪ್ಪತ್ತಾದರೂ ಅವ್ವನಿಗೆ ನಾನು ತಂಬಿ, ಅಂದರೆ ತಮ್ಮ. "ಬರಲಿ ತಂಬಿ. ಅದು ಒಳಗೆ ಬರುತ್ತೆ, ನನ್ನ ಬಟ್ಟೆ ಹೊರಗೆ ಒಣಗುತ್ತೆ. ಜಗಳ ಎಲ್ಲಿ?"

ಆಯುಧಪೂಜೆ

ಕೆಲವು ವರ್ಷಗಳ ನಂತರ, ಪೂಜೆಯ ದಿನ ಬೆಳಿಗ್ಗೆ ಅವ್ವ ಅದೇ ಕೇಬಲ್ ಮೇಲೆ ಒಗೆದ ಜಮಖಾನ ಹಾಕಿದರು. ಕೇಬಲ್ ತುಂಡಾಯಿತು. ಆ ಸಂಜೆಯೊಳಗೆ ಮೇಲ್‌ನಲ್ಲಿ ಉತ್ತರ ಹೋಗದಿದ್ದರೆ ದೊಡ್ಡ ಆರ್ಡರ್ ಕೈ ತಪ್ಪುತ್ತದೆ. ಹನ್ನೆರಡಕ್ಕೆ ಪೂಜೆ. ಪೂಜೆ ಆದ ಮೇಲೆ ಆ ಮನೆಯಲ್ಲಿ ಯಾವ ಯಂತ್ರವನ್ನೂ ಮರುದಿನದವರೆಗೆ ಮುಟ್ಟುವಂತಿಲ್ಲ.

ನಾನು ಹೋದಾಗ ಹನ್ನೊಂದು. ಅಂಗಡಿಗಳೆಲ್ಲ ಮುಚ್ಚಿದ್ದವು.

"ಹೊಸ ಕೇಬಲ್ ಎಲ್ಲಿ ಮಾಮ?"

"ಬೇಡ."

"ಕೇಬಲ್ ಇಲ್ಲದೆ ಆಗುತ್ತಾ?"

"ಆಗುತ್ತೆ."

"ಆಗದಿದ್ದರೆ?"

"ಆಗುತ್ತೆ."

ಸಿಸ್ಟಂನ ಹೊಸ ಆವೃತ್ತಿಯಲ್ಲಿ ವೈಫೈ ಡ್ರೈವರುಗಳನ್ನು ಮೊದಲೇ ಸೇರಿಸಿದ್ದರು. ಪೆನ್‌ಡ್ರೈವಿನಿಂದ ಹಾಕಿದೆ. ಅರ್ಧ ಗಂಟೆ. ವೈಫೈ ತಾನಾಗಿ ಕಾಣಿಸಿಕೊಂಡಿತು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮೇಲ್ ಹೋಯಿತು. ಮಗ ಕೂಡಲೇ ಅವ್ವನನ್ನು ಪೂಜೆಗೆ ಕರೆದ.

ಅವ್ವ ಗಂಧ, ಕುಂಕುಮದ ತಟ್ಟೆ ಹಿಡಿದು ಬಂದರು. ಹೊಲಿಗೆ ಯಂತ್ರಗಳಿಗೆ, ಕತ್ತರಿಗಳಿಗೆ, ಕಂಪ್ಯೂಟರಿಗೆ, ಹಿಂದಿನ ಮನೆಯ ಡಬ್ಬಿಗೆ ಇಟ್ಟರು. ಕೇಬಲ್ ಹುಡುಕಿದರು.

"ಪ್ರತಿ ವರ್ಷ ಅದಕ್ಕೂ ಇಡ್ತಿದ್ದೆ. ಈಗ ಆ ಡಬ್ಬೀನ ಈ ಪೆಟ್ಟಿಗೆ ಜೊತೆ ಸೇರಿಸಿರೋದು ಏನು ತಂಬಿ?"

"ಏನೂ ಇಲ್ಲ ಅವ್ವ."

"ಏನೂ ಇಲ್ಲದೆ ಸೇರುತ್ತಾ? ಸೇರಿಸಿದೋರು ಯಾರು?"

"ನಾನು."

ನನ್ನ ಹಣೆಗೆ ಗಂಧ ಬಿತ್ತು, ಅದರ ಮೇಲೆ ಕುಂಕುಮ. ಕರ್ಪೂರದ ಆರತಿಯೂ ಆಯಿತು. ಎಲ್ಲ ಮುಗಿಯಿತೆಂದು ಚೀಲ ಎತ್ತಿಕೊಂಡೆ.

"ಎಲ್ಲಿಗೆ?" ಎಂದರು ಅವ್ವ.

"ಸೂಲೂರಿಗೆ."

"ಚೆನ್ನಾಗಿದೆ! ಪೂಜೆ ಮಾಡಿದ ಆಯುಧ ನಾಳೆ ಬೆಳಗಿನ ತನಕ ಜಾಗ ಬಿಟ್ಟು ಅಲ್ಲಾಡಬಾರದು. ಕೂತ್ಕೋ."

ಮಗನ ಕಡೆ ನೋಡಿದೆ. ಅವನು ಗೋಡೆ ನೋಡುತ್ತಿದ್ದ.

ಕಂಪ್ಯೂಟರಿನ ಪಕ್ಕದಲ್ಲೇ ಕೂತೆ.