ರಾಧಕ್ಕನ ವಾರ್ಡು

ಉಡುಪಿಯ ನಕ್ಷೆಯನ್ನು ತಿದ್ದಲು ಹೊರಟ ಮಹಾನುಭಾವರಲ್ಲಿ ನನ್ನ ಸೋದರತ್ತೆಯೂ ಒಬ್ಬರು. ಅವರಿಗೆ ನಕ್ಷೆ ಓದಲು ಬರುತ್ತಿತ್ತೇ ಎಂದು ಮಾತ್ರ ಕೇಳಬೇಡಿ! ಎಲ್ಲೂರಿನ ತವರುಮನೆಗೆ ಹೊರಟರೂ ಬಸ್ಸು ಸರಿಯಾದದ್ದೇ ಎಂದು ಡ್ರೈವರನನ್ನು, ಕಂಡಕ್ಟರನನ್ನು, ಒಳಗೆ ಕುಳಿತವರನ್ನು ಕೇಳಿಯೇ ಮೆಟ್ಟಿಲು ಹತ್ತುವವರು ಅವರು.

ಎಂಬತ್ತರ ದಶಕದಲ್ಲಿ ಒಮ್ಮೆ ಪುರಸಭೆಯ ಚುನಾವಣೆಗೆ ಮುಂಚೆ ವಾರ್ಡುಗಳ ಗಡಿ ಬದಲಾಯಿತು. ಹೊಸ ಗಡಿ ಅತ್ತೆಯ ಮನೆಗೂ ಅತ್ತೆ ರಾಧಕ್ಕ ಎಂದು ಕರೆಯುವ ನೆರೆಮನೆಯ ರಾಧಾಬಾಯಿಯವರ ಮನೆಗೂ ನಡುವಿನ ಕಂಪೌಂಡು ಗೋಡೆಯ ಮೇಲೆಯೇ ಹಾದುಹೋಯಿತು. ಆ ಗೋಡೆಯ ನಡುವೆ ಎರಡೂ ಮನೆಗೆ ಸೇರಿದ ಬಾವಿ. ಆಚೆಗೊಂದು ರಾಟೆ, ಈಚೆಗೊಂದು ರಾಟೆ. ಇನ್ನು ಮೇಲೆ ಅತ್ತೆಯ ಕೊಡಪಾನ ಮುಳುಗುವುದು ಒಂದು ವಾರ್ಡಿನಲ್ಲಿ, ರಾಧಾಬಾಯಿಯವರದ್ದು ಇನ್ನೊಂದರಲ್ಲಿ!

ಆದರೆ ಅತ್ತೆಯ ಸಂಕಟ ಬಾವಿಯದ್ದಲ್ಲ. ರಾಧಾಬಾಯಿಯವರ ಯಜಮಾನರು ಜವಳಿ ಅಂಗಡಿಯವರು, ಬಲು ಕಟ್ಟುನಿಟ್ಟು. ಹೆಂಡತಿ ಗೇಟು ದಾಟಬೇಕಾದರೆ ಜೊತೆಗೆ ತಾವೇ ಇರಬೇಕು. ಓಟಿನ ದಿನ ಮಾತ್ರ, ಹೇಗೂ ಸರಕಾರದ ಕೆಲಸವಲ್ಲವೇ ಎಂದು ಅತ್ತೆಯ ಜೊತೆ ಕಳುಹಿಸುತ್ತಿದ್ದರು. ಈ ಸರಕಾರದ ಕೆಲಸ ಶಾಲೆಯಲ್ಲಿ ಶುರುವಾಗಿ, ಹೋಟೆಲಿನ ಮಸಾಲೆದೋಸೆಯನ್ನು ಹಾದು, ಬಳೆ ಅಂಗಡಿಯಲ್ಲಿ ಮುಗಿಯುತ್ತಿತ್ತು. ಗೆದ್ದವರು ಯಾರೆಂದು ಇಬ್ಬರೂ ವಿಚಾರಿಸಿದ್ದಿಲ್ಲ! ಈಗ ವಾರ್ಡು ಬೇರೆ, ಓಟು ಹಾಕುವ ಶಾಲೆಯೂ ಬೇರೆ. ಯಜಮಾನರೇ ರಿಕ್ಷಾದಲ್ಲಿ ಕರೆದುಕೊಂಡು ಹೋಗಿ ಅದೇ ರಿಕ್ಷಾದಲ್ಲಿ ವಾಪಸು ತರುವುದು ಖಂಡಿತವಾಗಿತ್ತು.

ಅತ್ತೆ ಬಿಡುತ್ತಾರೆಯೇ? ಮಣಿಪಾಲದಲ್ಲಿ ಓದುತ್ತಿದ್ದ ನನ್ನಿಂದ ಆಕ್ಷೇಪಣೆ ಬರೆಸಿಕೊಂಡು ಕಚೇರಿಗೆ ನುಗ್ಗಿಯೇಬಿಟ್ಟರು.

"ನಮ್ಮ ಬಾವಿಯ ನೀರು ಯಾವ ವಾರ್ಡಿನದ್ದು ಮಾರಾಯ್ರೆ?"

ಅಧಿಕಾರಿ ನಕ್ಕರು. "ನೀರಿಗೆ ಓಟಿಲ್ಲ ಅಮ್ಮ."

"ಓಟಿಲ್ಲದಿದ್ದರೂ ಅದು ದಿನಾ ಬರ್ತದೆ. ಓಟು ಕೇಳಿ ಹೋದವರು ತಿರುಗಿ ಬಂದದ್ದುಂಟಾ?"

ಪಾಪ, ಆ ಅಧಿಕಾರಿಯೇನು ಓಟು ಕೇಳಿದವರೇ! ಆದರೂ ಸ್ಥಳ ನೋಡಲು ಗುಮಾಸ್ತರೊಬ್ಬರನ್ನು ಕಳುಹಿಸಿದರು. ಅತ್ತೆ ಅವರಿಗೆ ಪತ್ರೊಡೆ ತಿನ್ನಿಸಿ, ಅಂಗಳದಲ್ಲಿ ರಂಗೋಲಿ ಪುಡಿಯಿಂದ ತಮ್ಮದೇ ಗಡಿ ಎಳೆದು ತೋರಿಸಿದರು. ಆ ಗೆರೆ ಮಾರ್ಗದ ಉದ್ದಕ್ಕೂ ನೆಟ್ಟಗೆ ಬಂದು, ಇದ್ದಕ್ಕಿದ್ದಂತೆ ಬಳುಕಿ, ರಾಧಾಬಾಯಿಯವರ ಮನೆಯೊಂದನ್ನೇ ಬಳಸಿಕೊಂಡು ಹಿಂದೆ ಬರುತ್ತಿತ್ತು.

"ಇದೆಂತ ಅಮ್ಮ, ಒಂದೇ ಮನೆಯನ್ನು ಒಳಗೆ ತಂದಿದ್ದೀರಿ? ಮಿಕ್ಕವರು?"

"ಮಿಕ್ಕವರನ್ನು ಬೇಕಾದರೆ ಅಷ್ಟು ದೂರದ ಪೆರ್ಡೂರಿಗೆ ಸೇರಿಸಿ. ನಂದೇನೂ ತಕರಾರಿಲ್ಲ!"

ಗುಮಾಸ್ತರು ಇನ್ನೊಂದು ತುಂಡು ಪತ್ರೊಡೆ ತಿಂದು, ಬಾವಿಗೂ ಇಣುಕಿ ನೋಡಿ ಹೋದರು. ಗಡಿ ಮಾತ್ರ ಒಂದಿಂಚೂ ಅಲ್ಲಾಡಲಿಲ್ಲ.

ಓಟಿನ ದಿನ ಅತ್ತೆ ತಮ್ಮ ಶಾಲೆಯಲ್ಲಿ ಓಟು ಹಾಕಿ, ಮನೆ ಕಡೆ ತಿರುಗದೆ ನನ್ನನ್ನೂ ಎಳೆದುಕೊಂಡು ಇನ್ನೊಂದು ಶಾಲೆಗೆ ನಡೆದರು. ಯಜಮಾನರು ಆಗಲೇ ಗಂಡಸರ ಸಾಲು ಮುಗಿಸಿ, ರಿಕ್ಷಾದ ಪಕ್ಕ ನಿಂತು ವಾಚು ನೋಡುತ್ತಿದ್ದರು. ಹೆಂಗಸರ ಸಾಲು ಹನುಮಂತನ ಬಾಲದಷ್ಟುದ್ದ. ಅತ್ತೆ ನೇರ ಹೋಗಿ ರಾಧಾಬಾಯಿಯವರ ಪಕ್ಕ ನಿಂತರು. ಸಾಲು ಬಾಗಿಲು ಮುಟ್ಟುವವರೆಗೂ ಇಬ್ಬರ ಮಾತು ನಿಲ್ಲಲಿಲ್ಲ.

ಬಾಗಿಲಲ್ಲಿದ್ದ ಪೊಲೀಸಿನವ ಅತ್ತೆಯ ಬೆರಳು ನೋಡಿದ. "ನಿಮ್ಮ ಓಟು ಆಗಿದೆಯಲ್ವಾ? ಮತ್ತೆ ಎಂತಕ್ಕೆ ನಿಂತದ್ದು?"

"ಓಟಿಗಲ್ಲ ಮಾರಾಯ," ಎಂದರು ಅತ್ತೆ. "ಸಾಲಿನಲ್ಲಿ ನಿಲ್ಲಲಿಕ್ಕೆ ಬಂದದ್ದು."

ನಾನು ಗೊಳ್ಳನೆ ನಕ್ಕುಬಿಟ್ಟೆ. ರಾಧಾಬಾಯಿ ನಗಲಿಲ್ಲ. ಮನೆಯ ಹೊರಗೆ ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದೇ ಇಲ್ಲ. ಅಂಥವರು ಹಿಂದಿದ್ದ ಹೆಂಗಸಿನ ಕಡೆ ತಿರುಗಿ, "ನೀವು ಮೊದಲು ಹೋಗಿ. ನನಗೆ ಅವಸರ ಇಲ್ಲ," ಎಂದು ಸ್ಪಷ್ಟವಾಗಿ ಹೇಳಿದರು. ರಾಧಾಬಾಯಿ ಅತ್ತೆಯ ಕೈ ಹಿಡಿದುಕೊಂಡು, ಗಂಡನ ಎದುರಿಗೇ ನಡೆದುಹೋಗಿ, ಸಾಲಿನ ಕಟ್ಟಕಡೆಯಲ್ಲಿ ಮತ್ತೆ ನಿಂತರು.